ವ್ಯಾನ್ ಬರೋ ಹೊತ್ತಿಗೆ ತಲೆ ಸಿಕ್ಕು

ಕೂದಲು ಸಿಕ್ಕಾಗಿದೆ ಅಂತ ಗೊತ್ತಾಗುವ ಮುಹೂರ್ತ ಬೆಳಿಗ್ಗೆ ಏಳೂಮುಕ್ಕಾಲು. ಶಾಲೆಯ ವ್ಯಾನ್ ಎಂಟಕ್ಕೆ. ಒಲೆಯ ಮೇಲೆ ಹಾಲು, ಅಮ್ಮನ ಕೈಯಲ್ಲಿ ಬಾಚಣಿಗೆ, ಎದುರಿಗೆ ಮೂರನೇ ಕ್ಲಾಸಿನ ಹುಡುಗಿ. ನೆತ್ತಿಯಿಂದ ಹೊರಟ ಬಾಚಣಿಗೆ ಕಿವಿಯ ಹತ್ತಿರ ಬಂದು ನಿಂತುಬಿಡುತ್ತದೆ. ಒಂದು ಜಗ್ಗು. "ಅಮ್ಮಾ, ನೋಯತ್ತೆ!" "ಅಲ್ಲಾಡ್ದೆ ನಿಂತ್ಕೊಳ್ಳೆ, ನೋಯಲ್ಲ." ಎರಡನೇ ಜಗ್ಗಿಗೆ ಬಾಚಣಿಗೆಯ ಹಲ್ಲು ಮುರಿಯುತ್ತದೆ. ಹಾಲು ಉಕ್ಕುವುದೂ ಆಗಲೇ.

ನೆತ್ತಿಯಿಂದ ಬಾಚಿದರೆ ದಾರಿಯಲ್ಲಿದ್ದ ಸಣ್ಣಪುಟ್ಟ ಸಿಕ್ಕುಗಳೆಲ್ಲ ಕೆಳಗೆ ಜಾರಿ, ಒಂದೇ ಕಡೆ ಸೇರಿ, ಗಟ್ಟಿ ಗಂಟಾಗುತ್ತವೆ. ಅದಕ್ಕೇ ಶುರು ತುದಿಯಿಂದ. ಮೊದಲು ಕೊನೆಯ ಎರಡು ಇಂಚು. ಅದು ಸಲೀಸಾದ ಮೇಲೆ ಇನ್ನೆರಡು ಇಂಚು ಮೇಲೆ. ಎಡಗೈ ಗಂಟಿಗಿಂತ ಮೇಲೆ ಕೂದಲನ್ನು ಬಿಗಿಯಾಗಿ ಹಿಡಿದಿರಲಿ. ಆಗ ಎಳೆತ ಕೈಗೆ ಬೀಳುತ್ತದೆ, ತಲೆಗಲ್ಲ. ಇಷ್ಟರಿಂದಲೇ ಅರ್ಧ ಕಿರುಚಾಟ ನಿಲ್ಲುತ್ತದೆ. ಉಳಿದರ್ಧ ಅಭ್ಯಾಸಬಲ.

ಸಿಕ್ಕಿನ ಒಳಗೆ ಆಗಲೇ ಉದುರಿದ ಕೂದಲೂ ಇರುತ್ತದೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಮೂರು ದಿನ ಜಡೆ ಬಿಚ್ಚದಿದ್ದರೆ ಅವೆಲ್ಲ ಒಳಗೇ ಉಳಿದು ಅಕ್ಕಪಕ್ಕದವನ್ನು ಸುತ್ತಿಕೊಳ್ಳುತ್ತವೆ. ಹಾಗಾಗಿ ಬಿಡಿಸುವಾಗ ಬಾಚಣಿಗೆ ತುಂಬ ಕೂದಲು ಬಂದರೆ ಗಾಬರಿಪಡಬೇಕಿಲ್ಲ. ಸಾಲ ಒಟ್ಟಿಗೆ ವಸೂಲಾಗಿದೆ, ಅಷ್ಟೆ. ಕತ್ತಿನ ಹಿಂಭಾಗದಲ್ಲಿ ಗಂಟು ಹೆಚ್ಚು: ಹಗಲು ಕಾಲರ್ ಮತ್ತು ಬ್ಯಾಗಿನ ಪಟ್ಟಿ, ರಾತ್ರಿ ದಿಂಬು.

ಬೆರಳಿಗೂ ಬಗ್ಗದ ಗಂಟಾದರೆ ಅದು ಭಾನುವಾರದ ಕೆಲಸ. ತಲೆಯನ್ನು ನಾಲ್ಕು ಪಾಲು ಮಾಡಿ, ಮೂರಕ್ಕೆ ಕ್ಲಿಪ್ ಹಾಕಿ. ಗಂಟಿಗೆ ಒಂದು ಚಮಚ ಕೊಬ್ಬರಿ ಎಣ್ಣೆ ಹಿಂಡಿ ಅರ್ಧ ಗಂಟೆ ಬಿಡಿ. ಚಳಿಗಾಲದಲ್ಲಿ ಎಣ್ಣೆ ಹೆಪ್ಪುಗಟ್ಟಿದ್ದರೆ ಬಾಟಲನ್ನು ಬಿಸಿನೀರಲ್ಲಿಡಿ. ಮಗುವಿನ ತಲೆಯ ಮೇಲೆ ತುರಿದು ಹಾಕಬೇಡಿ. ಆಮೇಲೆ ಗಂಟಿನ ನಡುವಿಗೆ ಕೈ ಹಾಕದೆ, ಅಂಚಿನಿಂದ ನಾಲ್ಕಾರು ಎಳೆಗಳಂತೆ ಪಕ್ಕಕ್ಕೆ ಬಿಡಿಸಿ. ಬೆರಳು ಹೋಗದ ಕಡೆ ಯು ಆಕಾರದ ಹೇರ್‌ಪಿನ್ನಿನ ಒಂದು ಕಾಲು ಸಾಕು. ನಂತರ ಅಗಲ ಹಲ್ಲಿನ ಬಾಚಣಿಗೆ. ಹೇನು ತೆಗೆಯುವ ಸಣ್ಣ ಹಲ್ಲಿನದಕ್ಕೆ ಅವತ್ತು ರಜೆ.

ಈ ಹೊತ್ತಿಗೆ ಮನೆಯ ಹಿರಿಯರೊಬ್ಬರು "ಹರಳೆಣ್ಣೆ ಹಚ್ಚಿ" ಅನ್ನುತ್ತಾರೆ. ತಲೆ ತಂಪಾಗಲು ಹಚ್ಚುವ ಮಾತು ಬೇರೆ, ಸಿಕ್ಕಿಗೆ ಅದು ಬೇಡ. ತೀರ ಮಂದ, ಅಂಟು. ಕೊಬ್ಬರಿ ಎಣ್ಣೆಗೆ ಹರಳೆಣ್ಣೆ ಬೆರೆಸಿ ಹಚ್ಚಿ ತಲೆ ತೊಳೆದ 20 ವರ್ಷದ ಯುವತಿಯ ಕೂದಲು ಹಕ್ಕಿಗೂಡಿನಂತೆ ಗಟ್ಟಿಯಾದದ್ದನ್ನು 2017ರಲ್ಲಿ ವೈದ್ಯರೇ ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಮಾಡಿದ್ದಾರೆ. ಬಿಡಿಸಲಾಗದೆ ಕತ್ತರಿಸಬೇಕಾಯಿತು.

"ತೊಳೆದರೆ ಬಿಡುತ್ತೆ" ಎನ್ನುವುದು ಇನ್ನೊಂದು ಸಲಹೆ. ಬಿಡುವುದಿಲ್ಲ. ನೆನೆದ ಕೂದಲು ಉಬ್ಬಿ ಮೇಲಿನ ಪದರ ಎದ್ದಿರುತ್ತದೆ. ಎರಡೂ ಕೈಯಿಂದ ಗಸಗಸ ತಿಕ್ಕಿದರೆ ಗಂಟು ಇನ್ನೂ ಬಿಗಿಯುತ್ತದೆ. ಬೋರ್‌ವೆಲ್ಲಿನ ಗಡಸು ನೀರಿಗೆ ಸೋಪು ಸೇರಿದರೆ ಬಿಳಿ ಜಿಡ್ಡು ಬೇರೆ. ನೇರ ಕೂದಲನ್ನು ಮುಕ್ಕಾಲು ಒಣಗಿದ ಮೇಲೆ ಬಾಚಿ, ಒದ್ದೆಯಲ್ಲಿ ಅದು ಹಿಗ್ಗಿ ತುಂಡಾಗುತ್ತದೆ. ಗುಂಗುರು ಕೂದಲು ಮಾತ್ರ ತದ್ವಿರುದ್ಧ: ಕಂಡೀಷನರ್ ಹಚ್ಚಿ ಒದ್ದೆಯಲ್ಲೇ ಬಿಡಿಸಬೇಕು. ಒಣಗಿದ್ದಾಗ ಬಾಚಲು ಹೋದರೆ ತಲೆ ಎರಡರಷ್ಟು ದಪ್ಪಗೆ ಕಾಣುತ್ತದೆ, ಸಿಕ್ಕು ಇದ್ದಲ್ಲೇ ಇರುತ್ತದೆ.

ಇನ್ನು ಬಿಡಿ ಅವಘಡಗಳು. ತರಕಾರಿ ಕಟ್ಟಿದ್ದ ರಬ್ಬರ್ ಬ್ಯಾಂಡನ್ನು ಜುಟ್ಟಿಗೆ ಹಾಕಿದ್ದರೆ ಎಳೆಯದೆ ರಬ್ಬರನ್ನೇ ಕತ್ತರಿಸಿ, ಅದಕ್ಕೆ ಜಿಪುಣತನ ಬೇಡ. ಹಲಸಿನ ಅಂಟಿಗೂ ಚ್ಯೂಯಿಂಗ್ ಗಮ್ಮಿಗೂ ಕೊಬ್ಬರಿ ಎಣ್ಣೆಯೇ. ದುಂಡನೆಯ ಬ್ರಷ್ ಸುತ್ತಿಕೊಂಡರೆ ಮತ್ತೆ ತಿರುಗಿಸಬೇಡಿ; ಅದರ ಮುಳ್ಳುಗಳನ್ನು ಒಂದೊಂದಾಗಿ ಕತ್ತರಿಸಿ ತೆಗೆಯಿರಿ. ಬ್ರಷ್ ಅಂಗಡಿಯಲ್ಲಿ ಸಿಗುತ್ತದೆ. ಯಾವುದಕ್ಕೂ ಜಗ್ಗದ ಗಂಟಿಗೆ ಕತ್ತರಿ ಇಡಲೇಬೇಕಾದರೆ ಕೂದಲಿನ ಉದ್ದಕ್ಕೆ ಸೀಳಿ, ಅಡ್ಡಕ್ಕಲ್ಲ. ಗಂಟು ಎರಡಾಗಿ ಸಡಿಲವಾಗುತ್ತದೆ, ಜಡೆ ಉಳಿಯುತ್ತದೆ.

ಬಾಚಣಿಗೆಯಲ್ಲಿ ಉಳಿದ ಉಂಡೆಯನ್ನು ಬಚ್ಚಲಿಗೆ ಬಿಡಬೇಡಿ, ಅಲ್ಲಿ ಪ್ಲಂಬರ್ ಬಿಡಿಸಬೇಕಾಗುತ್ತದೆ. ಬೀದಿಗೆ ಬರುವ ಕೂದಲಿನವರು ಅದನ್ನೂ ಕೊಳ್ಳುತ್ತಾರೆ. ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಇಂಥ ಉಂಡೆಗಳನ್ನು ಎಳೆ ಎಳೆಯಾಗಿ ಬಿಡಿಸುವುದೇ ಒಂದು ಉದ್ಯಮ. ಅಲ್ಲಿಯ ಹೆಣ್ಣುಮಕ್ಕಳಿಗೆ ಅದಕ್ಕೆ ಕೂಲಿ ಉಂಟು, ಎಂಟು ಗಂಟೆಯ ವ್ಯಾನ್ ಮಾತ್ರ ಇಲ್ಲ.