ದಾವಣಗೆರೆ–ನೆಮ್ಮದಿ, ವಯಾ ಕೇಪ್‌ಟೌನ್

ನೆಮ್ಮದಿಯಾಗಿ ಬದುಕುವುದು ಹೇಗೆ ಅಂತ ಕಲಿಯಬೇಕಾದರೆ ಮೊದಲು ಒಂದು ವಾರ ಹಡಗಿನಲ್ಲಿ ವಾಂತಿ ಮಾಡಬೇಕಂತೆ. ಇದು ದಾವಣಗೆರೆಗೆ ಈಚೆಗೆ ಬಂದು ತಲುಪಿರುವ ಜ್ಞಾನ. ಆಷಾಢದಲ್ಲಿ ಖಾಲಿ ಬೀಳುವ ಕಲ್ಯಾಣ ಮಂಟಪಗಳಿಗೆ ಹೊಸ ಬಾಡಿಗೆದಾರರು ಸಿಕ್ಕಿದ್ದಾರೆ. ಇವರು ಎಲ್ಲೋ ದೂರದ ದ್ವೀಪಕ್ಕೆ ಹೋಗಿ ಬಂದು, ಎಸಿ ಹಾಲ್‌ನಲ್ಲಿ ಕಾಲರ್ ಮೈಕ್ ಸಿಕ್ಕಿಸಿಕೊಂಡು, ನಾವು ಎಷ್ಟು ತಪ್ಪಾಗಿ ಬದುಕುತ್ತಿದ್ದೇವೆ ಅಂತ ತಿಳಿಸುತ್ತಾರೆ. ನಾವೂ ಪಾಸ್ ತಗೊಂಡು ಹೋಗಿ ತಿಳಿದುಕೊಳ್ಳುತ್ತೇವೆ.

ಈ ಸಲ ಬಂದವರು ಟ್ರಿಸ್ಟನ್ ಡ ಕುನ್ಹಾ ನೋಡಿ ಬಂದವರು. ದಕ್ಷಿಣ ಅಟ್ಲಾಂಟಿಕ್ ಸಮುದ್ರದ ನಡುವೆ ಒಂದು ಜ್ವಾಲಾಮುಖಿ, ಅದರ ಬುಡದಲ್ಲಿ ಒಂದೇ ಒಂದು ಊರು. ಜನ 250ಕ್ಕಿಂತ ಕಡಿಮೆ. ನಮ್ಮಲ್ಲಿ ಸುಮಾರಾದ ಒಂದು ನಾಮಕರಣಕ್ಕೂ ಇದಕ್ಕಿಂತ ಜಾಸ್ತಿ ಎಲೆ ಹಾಕುತ್ತಾರೆ. ವಿಮಾನ ಇಲ್ಲ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಿಂದ ಸುಮಾರು 2,800 ಕಿಲೋಮೀಟರ್ ಹಡಗಿನಲ್ಲೇ ಹೋಗಬೇಕು. ಹೋದ ಮೇಲೂ ಅಲೆ ಜೋರಾಗಿದ್ದರೆ ಇಳಿಯುವ ಹಾಗಿಲ್ಲ, ಊರನ್ನು ನೋಡುತ್ತಾ ಹಡಗಿನಲ್ಲೇ ಕೂತಿರಬೇಕು. ಜನ ಇರುವ ಹತ್ತಿರದ ಜಾಗ ಅಂದರೆ ಸೇಂಟ್ ಹೆಲೆನಾ. ಅದು 2,400 ಕಿಲೋಮೀಟರ್ ಆಚೆ.

ಅಷ್ಟು ದೂರದಿಂದ ತಂದ ಪಾಠಗಳನ್ನು ಸಭೆ ಉಸಿರು ಬಿಗಿಹಿಡಿದು ಕೇಳಿತು. ನಿಧಾನವಾಗಿ ಬದುಕಿ. ನಡೆದಾಡಿ. ಅಕ್ಕಪಕ್ಕದವರ ಜೊತೆ ಮಾತಾಡಿ. ಉಸಿರು ನಿಧಾನವಾಗಿ ಒಳಗೆಳೆದುಕೊಳ್ಳಿ. ಮೊಬೈಲ್ ಪಕ್ಕಕ್ಕಿಡಿ. ಕುಂದವಾಡ ಕೆರೆಗೆ ಕಾರಿನಲ್ಲಿ ಹೋಗಿ, ವಾಕಿಂಗ್ ಮುಗಿಸಿ, ಕಾರಿನಲ್ಲೇ ಬೆಣ್ಣೆ ದೋಸೆ ಹೋಟೆಲಿಗೆ ಬರುವ ಮಂದಿ ಇದನ್ನೆಲ್ಲ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಂಡರು.

ನನ್ನ ಪಕ್ಕ ಕೂತಿದ್ದ ಅಜ್ಜಿಗೆ ಮಾತ್ರ ಸಮಾಧಾನ ಇರಲಿಲ್ಲ. “ಇದನ್ನ ಕೇಳೋಕೆ ಮೊಮ್ಮಗ ದುಡ್ಡು ಕೊಟ್ಟು ಕರ್ಕೊಂಡು ಬಂದಾನಪ್ಪ. ನಾನು ಜಗಲಿ ಮ್ಯಾಲೆ ಕುಂತು ದಿನಾ ಮಾಡ್ತಿದ್ದದ್ದು ಇದೇ ಅಲ್ಲೇನು? ಜಗಲಿ ಒಡೆಸಿ ಕಾರ್ ನಿಲ್ಸೋಕೆ ಜಾಗ ಮಾಡ್ಯಾರ” ಅಂದರು. ಮುಂದಿನ ಸಾಲಿನವರು ತಿರುಗಿ “ಶ್” ಅಂದರು. ನೆರೆಯವರ ಜೊತೆ ಮಾತಾಡುವ ಪಾಠ ನಡೆಯುತ್ತಿತ್ತಲ್ಲ, ಗಲಾಟೆ ಮಾಡಿದರೆ ಹೇಗೆ?

ಆಮೇಲೆ ಆಲೂಗಡ್ಡೆಯ ಸರದಿ. ಆ ದ್ವೀಪದಲ್ಲಿ ಮನೆಮನೆಗೂ ಆಲೂಗಡ್ಡೆ ಮಡಿಗಳಿವೆ. ಒಂದು ಕಾಲಕ್ಕೆ ಅಲ್ಲಿ ಆಲೂಗಡ್ಡೆಯೇ ದುಡ್ಡು. 1946ರಲ್ಲಿ ದ್ವೀಪಕ್ಕಾಗಿ ಮಾಡಿಸಿದ ಮಾದರಿ ಅಂಚೆ ಚೀಟಿಯ ಮೇಲೆ ಒಂದು ಪೆನ್ನಿ, ಇಲ್ಲವೇ ನಾಲ್ಕು ಆಲೂಗಡ್ಡೆ ಅಂತ ಬೆಲೆ ಹಾಕಿದ್ದರು. ಸಭೆ “ಆಹಾ” ಅಂದಿತು. ಎಷ್ಟು ಸರಳ ಬದುಕು! ಇದೇ ಜಿಲ್ಲೆಯ ರೈತ ಮೆಕ್ಕೆಜೋಳದ ಚೀಲ ಹೊತ್ತು ಬ್ಯಾಂಕಿಗೆ ಹೋಗಿ, “ಸರ್, ಕಂತಿಗೆ ಇದನ್ನ ಜಮಾ ಮಾಡ್ಕೊಳ್ರಿ” ಅನ್ನಲಿ ನೋಡೋಣ. ಅವನ ಸರಳತೆಗೆ ಯಾರೂ ಸ್ಲೈಡ್ ಮಾಡುವುದಿಲ್ಲ, ನೋಟಿಸ್ ಕಳಿಸುತ್ತಾರೆ.

ಕಣ್ಣೀರು ಬಂದದ್ದು 1961ರ ಕಥೆಗೆ. ಆ ವರ್ಷ ಜ್ವಾಲಾಮುಖಿ ಎದ್ದು, ಇಡೀ ಊರನ್ನೇ ಇಂಗ್ಲೆಂಡಿಗೆ ಸಾಗಿಸಿದರು. ಅಲ್ಲಿ ಕರೆಂಟು, ಟಿವಿ, ಸಂಬಳದ ಕೆಲಸ ಎಲ್ಲ ಸಿಕ್ಕಿತು. ನೆಗಡಿ ಕೆಮ್ಮೂ ಸಿಕ್ಕಿತು. ವಾಪಸ್ ಹೋಗಬೇಕಾ ಅಂತ ಮತ ಹಾಕಿಸಿದಾಗ ಬಹುತೇಕ ಎಲ್ಲರೂ ಹೋಗುತ್ತೇವೆ ಅಂದರು. 1963ರಲ್ಲಿ ಹೋಗಿಯೂಬಿಟ್ಟರು. ಮಂಟಪದಲ್ಲಿ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇದೇ ಜನ, ಬೆಂಗಳೂರಿನ ಕೆಲಸ ಬಿಟ್ಟು ಚನ್ನಗಿರಿಯ ತೋಟಕ್ಕೆ ವಾಪಸ್ ಬಂದ ಹುಡುಗನಿಗೆ ಹೆಣ್ಣು ಕೊಡುವುದಿಲ್ಲ. “ಏನೋ ಆಗೈತಿ ಆ ಹುಡುಗನಿಗೆ” ಅಂತ ಪಿಸುಗುಟ್ಟುತ್ತಾರೆ. ವಾಪಸ್ ಹೋಗುವುದು ಮಹಾ ಧೈರ್ಯ ಅನ್ನಿಸಿಕೊಳ್ಳಲು ನಡುವೆ ಒಂದು ಸಮುದ್ರವಾದರೂ ಇರಬೇಕು ಅಂತ ಕಾಣುತ್ತದೆ.

ದ್ವೀಪದವರಲ್ಲಿ ಆಸ್ತಮಾ ಬಹಳ ಅನ್ನುವುದು, ಕಾಯಿಲೆ ಕೈಮೀರಿದರೆ ಕೇಪ್‌ಟೌನ್ ಕಡೆಯ ಹಡಗು ಕಾಯಬೇಕು ಅನ್ನುವುದು ಸ್ಲೈಡಿನಲ್ಲಿ ಇರಲಿಲ್ಲ. ಎರಡು ಮೆಡಿಕಲ್ ಕಾಲೇಜು ಇರುವ ಊರಿನಲ್ಲಿ ಕೂತು ಅವರ ಆರೋಗ್ಯಕ್ಕೆ ಹೊಟ್ಟೆಕಿಚ್ಚು ಪಡುವುದು ಸುಲಭ, ಅಲ್ವಾ?

ಕೊನೆಗೆ ಪ್ರಶ್ನೆಗಳಿಗೆ ಸಮಯ ಕೊಟ್ಟರು. ಮಂಡಿಪೇಟೆಯ ವರ್ತಕರೊಬ್ಬರು ಎದ್ದರು. “ಎಲ್ಲ ಚೆನ್ನಾಗೈತ್ರಿ ಸರ್. ಅಲ್ಲಿ ಚದರಡಿ ಎಷ್ಟು ನಡೀತೈತಿ?” ಎಲ್ಲರೂ ನಕ್ಕರು. ಭಾಷಣಕಾರರೂ ನಕ್ಕು, “ನೆಮ್ಮದಿಗೆ ಬೆಲೆ ಕಟ್ಟೋಕಾಗಲ್ಲ ಸರ್” ಅಂದು ನೀರು ಕುಡಿದರು. ನನ್ನ ಲೆಕ್ಕದಲ್ಲಿ ಇಡೀ ಸಂಜೆಯಲ್ಲಿ ಕೆಲಸಕ್ಕೆ ಬರುವ ಪ್ರಶ್ನೆ ಅದೊಂದೇ. ಅದಕ್ಕೆ ಉತ್ತರ ಇದೆ. ಆ ದ್ವೀಪದಲ್ಲಿ ಚದರಡಿ ಇಲ್ಲ. ಸೈಟೂ ಇಲ್ಲ.

1816ರಲ್ಲಿ ಬ್ರಿಟಿಷರು ಅಲ್ಲಿ ಸೈನ್ಯ ಇಟ್ಟರು. ಮರುವರ್ಷ ಸೈನ್ಯ ವಾಪಸ್ ಹೊರಟಾಗ ವಿಲಿಯಂ ಗ್ಲಾಸ್ ಅನ್ನುವ ಕಾರ್ಪೋರಲ್ ಕೆಲವರ ಜೊತೆ ಅಲ್ಲೇ ಉಳಿದ. ಉಳಿದವರು ಒಂದು ಕರಾರು ಬರೆದುಕೊಂಡರು. ದನಕರು, ಸಾಮಾನು ಎಲ್ಲವೂ ಎಲ್ಲರಿಗೂ ಸಮ. ಯಾರೂ ಯಾರಿಗಿಂತ ಮೇಲು ಅಂತ ಮೆರೆಯುವ ಹಾಗಿಲ್ಲ. ಇಂದಿಗೂ ಅಲ್ಲಿನ ಜಮೀನು ಇಡೀ ಊರಿನದು. ಒಂದು ಮನೆ ಎಷ್ಟು ದನ, ಎಷ್ಟು ಕುರಿ ಸಾಕಬಹುದು ಅನ್ನುವುದಕ್ಕೂ ಮಿತಿ ಇದೆ. ಹುಲ್ಲು ಉಳಿಯಲಿ ಅಂತ ಒಂದು ಕಾರಣ. ಅನುಕೂಲಸ್ಥರು ಇನ್ನಷ್ಟು ಗುಡ್ಡೆ ಹಾಕಿಕೊಳ್ಳದಿರಲಿ ಅಂತ ಇನ್ನೊಂದು. ಹೊರಗಿನವರಿಗೆ ಜಮೀನು ಮಾರುವ ಮಾತೇ ಇಲ್ಲ.

ಹೀಗಿರುವಾಗ ಅವರು ನಿಧಾನವಾಗಿ ನಡೆಯದೆ ಇನ್ನೇನು ಮಾಡುತ್ತಾರೆ? ಓಡಿ ಹೋಗಿ ಬೇಲಿ ಹಾಕಿಕೊಳ್ಳಲು ಜಾಗ ಎಲ್ಲಿದೆ? ಬದುವಿನ ಜಗಳಕ್ಕೆ ಕೋರ್ಟಿಗೆ ಅಲೆಯುವ ಕೆಲಸ ಇಲ್ಲದವನು ನೆರೆಯವನ ಜೊತೆ ಮಾತಾಡುತ್ತಾನೆ. ಆದರೆ ಹಡಗಿನಲ್ಲಿ ವಾಪಸ್ ಬರುವಾಗ ಈ ಕರಾರು ಮಾತ್ರ ಸೂಟ್‌ಕೇಸಿನಲ್ಲಿ ಹಿಡಿಸಲಿಲ್ಲ. ಉಸಿರು ಒಳಗೆಳೆದುಕೊಳ್ಳುವ ಪಾಠ ಹಿಡಿಸಿತು. ಉಸಿರಿಗೆ ಪಹಣಿ ಇಲ್ಲವಲ್ಲ.

ಇಡೀ ಊರಿನ ಬಳಕೆಗೆ ಬಿಟ್ಟ ಜಮೀನು ನಮಗೇನು ಹೊಸದಲ್ಲ. ಅದಕ್ಕೆ ನಾವು ಗೋಮಾಳ ಅಂತೀವಿ. ನೂರು ಜಾನುವಾರಿಗೆ 30 ಎಕರೆ ಬಿಡಬೇಕು ಅಂತ ನಮ್ಮ ಭೂಕಂದಾಯ ನಿಯಮದಲ್ಲೇ ಬರೆದಿದೆ. ಈಗ ಎಷ್ಟೋ ಊರಲ್ಲಿ ದನ ರಸ್ತೆ ಪಕ್ಕ ಪ್ಲಾಸ್ಟಿಕ್ ತಿನ್ನುತ್ತಿದೆ, ಗೋಮಾಳದಲ್ಲಿ ಬಗೆಬಗೆಯ ಕಲ್ಲುಕಂಬ ನಿಂತಿವೆ. ಲೇಔಟ್‌ನ ನಕ್ಷೆಯಲ್ಲಿ ಹಸಿರು ಬಣ್ಣದ ಪಾರ್ಕ್ ಇರುತ್ತದೆ, ಹೋಗಿ ನೋಡಿದರೆ ಅಲ್ಲಿ ಯಾರದೋ ಗೃಹಪ್ರವೇಶದ ಶಾಮಿಯಾನ.

ಇನ್ನು ವಂದನಾರ್ಪಣೆ. ಕಾರ್ಯಕ್ರಮದ ಪ್ರಾಯೋಜಕರು ವೇದಿಕೆಗೆ ಬಂದರು. ಲೇಔಟ್ ಮಾಡುವವರು. ಹೊಸ ಬಡಾವಣೆಯ ಹೆಸರಲ್ಲೇ ದ್ವೀಪ ಇದೆ. ಸುತ್ತ ಎತ್ತರದ ಕಾಂಪೌಂಡ್, ಒಂದೇ ಗೇಟ್, ನಡುವೆ ಸಿಮೆಂಟಿನ ಕೊಳ. ಕೊಳದ ಎದುರಿನ ಸೈಟುಗಳಿಗೆ ‘ಸೀ ಫೇಸಿಂಗ್’ ಅಂತ ರೇಟು ಜಾಸ್ತಿ. ಹೊರಗಿನವರಿಗೆ ಪ್ರವೇಶ ಇಲ್ಲ. “ಇಷ್ಟೊತ್ತು ಕೇಳಿದ್ರಲ್ಲ, ಆ ನೆಮ್ಮದಿ ಇಲ್ಲೇ ಬೈಪಾಸ್ ಹತ್ರ” ಅಂದರು.

ಮಂಡಿಪೇಟೆಯವರು ಮತ್ತೆ ಎದ್ದರು. “ನೋಡೀನ್ರಿ ಆ ಜಾಗ. ಪಕ್ಕದಾಗೆ ಗೋಮಾಳ ಐತಲ್ರಿ?”

“ಅದು ಸೆಕೆಂಡ್ ಫೇಜ್ ಸರ್” ಅಂದರು ಪ್ರಾಯೋಜಕರು. ಆ ಸಂಜೆಯ ಅತಿ ಜೋರಾದ ಚಪ್ಪಾಳೆ ಬಿದ್ದದ್ದು ಆವಾಗ.