ಮನೆ ಅಂದರೆ ಬರೀ ಗೋಡೆ

ಬರ್ಲಿನ್‌ಗೆ ಬಂದಿಳಿದಾಗ ಹಾಸ್ಟೆಲ್‌ನಲ್ಲಿ ಐದು ದಿನಕ್ಕೆ ಮಂಚ ಬುಕ್ ಮಾಡಿದ್ದೆ. ಅಷ್ಟರಲ್ಲಿ ಬಾಡಿಗೆ ಮನೆ ಸಿಕ್ಕೇ ಸಿಗುತ್ತದೆ ಎಂಬ ಭಂಡಧೈರ್ಯ. ಆರು ವಾರ ಅಲ್ಲೇ ಬಿದ್ದಿದ್ದೆ. ಎಂಟು ಜನರ ಕೋಣೆ, ನನ್ನದು ಮೇಲಿನ ಮಂಚ. ಕೆಳಗೆ ಮಲಗುವವರು ದಿನಾ ಬದಲಾಗುತ್ತಿದ್ದರು, ಗೊರಕೆ ಮಾತ್ರ ಅದೇ.

ಜಾಹೀರಾತುಗಳಲ್ಲಿ ಬಾಡಿಗೆಯನ್ನು ಎರಡು ಥರ ಬರೆಯುತ್ತಾರೆ. 'ಕಾಲ್ಟ್' ಅಂದರೆ ತಣ್ಣಗೆ, 'ವಾರ್ಮ್' ಅಂದರೆ ಬೆಚ್ಚಗೆ. ತಣ್ಣನೆಯದು ಅಗ್ಗ. ಹೇಗೂ ದಪ್ಪನೆಯ ಸ್ವೆಟರ್ ಇದೆಯಲ್ಲ, ತಣ್ಣಗಿದ್ದರೇನಂತೆ ಎಂದುಕೊಂಡೆ. ಆಮೇಲೆ ತಿಳಿಯಿತು, ಕಾಲ್ಟ್ ಎಂಬುದು ಬರೀ ಗೋಡೆಗಳ ಬಾಡಿಗೆ. ಹೀಟಿಂಗ್, ನೀರು, ಕಸ ಎಲ್ಲ ಸೇರಿದರೆ ವಾರ್ಮ್. ಕರೆಂಟಿನ ಬಿಲ್ಲು ಸಾಮಾನ್ಯವಾಗಿ ಅದರಲ್ಲೂ ಸೇರುವುದಿಲ್ಲ. 'ಎರಡು ರೂಮು' ಎಂದರೆ ಎರಡು ಬೆಡ್‌ರೂಮೂ ಅಲ್ಲ, ಹಾಲ್ ಕೂಡ ಲೆಕ್ಕಕ್ಕೆ ಬಂತು.

ಒಂದು ಮನೆಯಂತೂ ಕಣ್ಣು ಕುಕ್ಕುವಂತಿತ್ತು, ಬಾಡಿಗೆಯೂ ಕಡಿಮೆ. ಮಾಲೀಕರು ಬೇರೆ ದೇಶದಲ್ಲಿದ್ದಾರಂತೆ, ದುಡ್ಡು ಕಳಿಸಿದರೆ ಬೀಗದ ಕೈ ಪೋಸ್ಟಿನಲ್ಲಿ ಬರುತ್ತದಂತೆ. ಕಳಿಸುವುದರಲ್ಲಿದ್ದೆ. ಅಷ್ಟರಲ್ಲಿ ಅದೇ ಹಳದಿ ಸೋಫಾ ಇನ್ನೆರಡು ಜಾಹೀರಾತುಗಳಲ್ಲಿ ಕಂಡಿತು. ಪುಣ್ಯಾತ್ಮರು ಫೋಟೋನಾದರೂ ಬದಲಾಯಿಸಬಾರದಾ?

ಮನೆ ನೋಡಲು ಹೋದರೆ ಮೆಟ್ಟಿಲ ಮೇಲೆ ನಾಲ್ಕನೇ ಮಹಡಿಯವರೆಗೂ ಕ್ಯೂ. ಲಿಫ್ಟ್ ಇಲ್ಲ. ಪ್ರತಿಯೊಬ್ಬರ ಕಂಕುಳಲ್ಲೂ ಒಂದು ಫೈಲು. ಅದರಲ್ಲಿ ಮೂರು ತಿಂಗಳ ಸಂಬಳದ ಚೀಟಿ, ಶೂಫಾ ವರದಿ, ಜೊತೆಗೆ 'ಮೀಟ್‌ಶುಲ್ಡನ್‌ಫ್ರೈಹೈಟ್ಸ್‌ಬೆಶೈನಿಗುಂಗ್'. ಹಳೆಯ ಮನೆಯಲ್ಲಿ ಬಾಡಿಗೆ ಬಾಕಿ ಇಲ್ಲ ಎನ್ನುವ ಪತ್ರ ಅದು. ಆ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಕ್ಯೂ ಎರಡು ಮೆಟ್ಟಿಲು ಮುಂದೆ ಹೋಗಿತ್ತು. ಶೂಫಾ ಎಂದರೆ ನಾವು ಸಾಲ, ಬಿಲ್ಲು ಸರಿಯಾಗಿ ಕಟ್ಟುತ್ತೇವೋ ಇಲ್ಲವೋ ಎಂಬ ದಾಖಲೆ. ನಾನು ಎದೆಯುಬ್ಬಿಸಿ "ನನಗೆ ಒಂದು ಪೈಸೆ ಸಾಲ ಇಲ್ಲ" ಎಂದೆ. ಏಜೆಂಟಮ್ಮ ಮರುಕದಿಂದ ನೋಡಿದರು. ದಾಖಲೆಯೇ ಇಲ್ಲ ಎಂದರೆ ಅವರ ಪಾಲಿಗೆ ನಾನೇ ಇಲ್ಲ.

ಒಳಗೆ ಹೋದೆ. ಹಾಲ್ ಇತ್ತು, ಬಚ್ಚಲು ಇತ್ತು. ಇನ್ನೊಂದು ಖಾಲಿ ಕೋಣೆಯಲ್ಲಿ ಗೋಡೆಯಿಂದ ಎರಡು ಪೈಪು ಹೊರಗೆ ಚಾಚಿಕೊಂಡಿದ್ದವು.

"ಅಡುಗೆಮನೆ ಎಲ್ಲಿ?"

"ಇದೇ."

"ಸಿಂಕು? ಒಲೆ?"

"ಹಿಂದಿನವರು ತಗೊಂಡು ಹೋದರು."

ಮಂಚ, ಮೇಜು ಹೊತ್ತುಕೊಂಡು ಹೋಗುವವರನ್ನು ನೋಡಿದ್ದೇನೆ. ಅಡುಗೆಮನೆಯನ್ನೇ ಕಿತ್ತುಕೊಂಡು ಹೋಗುವುದು ಅಲ್ಲಿ ಮಾಮೂಲಂತೆ. ಮುಂದೆ ನೋಡಿದ ಮನೆಯಲ್ಲಿ ಅಡುಗೆಮನೆ ಇತ್ತು, ಆದರೆ ಖಾಲಿ ಮಾಡುವವರಿಗೆ ಅದರ ಬೆಲೆ ಕೊಡಬೇಕಿತ್ತು. ಆ ಕಪಾಟಿನ ಬಾಗಿಲು ಮುಟ್ಟಿದೆ. ಕೈಗೇ ಬಂತು. ಸುಮ್ನೆ ಅಲ್ಲೇ ಒರಗಿಸಿಟ್ಟು ಇಳಿದು ಬಂದೆ.

ಕೊನೆಗೂ ಒಂದು ಮನೆ ಒಲಿಯಿತು. ಡೆಪಾಸಿಟ್ ಮೂರು ತಿಂಗಳ ತಣ್ಣನೆಯ ಬಾಡಿಗೆ. ಕಾನೂನಿನಲ್ಲಿ ಅದಕ್ಕಿಂತ ಜಾಸ್ತಿ ಕೇಳುವಂತಿಲ್ಲ, ನನ್ನ ಬಳಿ ಅದಕ್ಕಿಂತ ಜಾಸ್ತಿ ಇರಲೂ ಇಲ್ಲ. ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು. ಅದನ್ನು ಮಾಡಿ, ತೆರಿಗೆ ನಂಬರಿನ ಪತ್ರಕ್ಕೆ ಕಾದು ಕೂತೆ. ಬರಲೇ ಇಲ್ಲ. ಆ ಕಟ್ಟಡದಲ್ಲಿ ಫ್ಲ್ಯಾಟ್ ನಂಬರ್ ಇಲ್ಲ, ಅಂಚೆ ಡಬ್ಬದ ಮೇಲಿನ ಹೆಸರೇ ಗುರುತು. ನನ್ನ ಡಬ್ಬದ ಮೇಲೆ ಇನ್ನೂ ಹಿಂದಿನವರ ಹೆಸರು. ಅಡುಗೆಮನೆ ಸಮೇತ ಹೋದವರು ಹೆಸರೊಂದನ್ನು ಬಿಟ್ಟು ಹೋಗಿದ್ದರು.

ಮನೆ ಹೊಕ್ಕಿದ್ದು ಶನಿವಾರ ರಾತ್ರಿ. ಸ್ವಿಚ್ ಒತ್ತಿದೆ. ಕತ್ತಲೆ. ಮೊಬೈಲ್ ಟಾರ್ಚ್ ಬಿಟ್ಟು ನೋಡಿದರೆ ಚಾವಣಿಯಿಂದ ಮೂರು ವೈರು ನೇತಾಡುತ್ತಿವೆ. ದೀಪವನ್ನೂ ಬಿಚ್ಚಿಕೊಂಡಿದ್ದರು! ಮಾರನೇ ದಿನ ಭಾನುವಾರ, ಅಂಗಡಿ ಬಂದ್. ಕತ್ತಲಲ್ಲಿ ಸೂಟ್‌ಕೇಸ್ ಎಳೆದಾಡುತ್ತಿದ್ದಾಗ ಬಾಗಿಲು ಬಡಿದ ಸದ್ದು. ಕೆಳಗಿನ ಮನೆಯ ಅಜ್ಜ. ಗಡಿಯಾರ ತೋರಿಸಿದರು. ರಾತ್ರಿ ಹತ್ತಾದ ಮೇಲೆ ಸದ್ದು ಮಾಡಬಾರದು. ನಾನು ಮಾತಾಡದೆ ಟಾರ್ಚನ್ನು ಚಾವಣಿಗೆ ಹಿಡಿದೆ. ಅಜ್ಜ ತಲೆಯೆತ್ತಿ ನೋಡಿ, ಏನೂ ಹೇಳದೆ ಇಳಿದು ಹೋದರು.

ಐದು ನಿಮಿಷಕ್ಕೆ ವಾಪಸ್ ಬಂದರು, ಕೈಯಲ್ಲಿ ಒಂದು ಹಳೇ ಟೇಬಲ್ ಲ್ಯಾಂಪು. ಕೊಟ್ಟು ಹೊರಟವರು ಮೆಟ್ಟಿಲ ಮೇಲೆ ನಿಂತು ತಿರುಗಿದರು.

"ನಾಳೆ ಭಾನುವಾರ. ಡ್ರಿಲ್ ಮಾಡಬೇಡಿ."