ಕತ್ತರಿಸಿ ಹಾಕಿದ ಕೊನೆಯ ಕೆಲವು ಸೆಕೆಂಡು

2018ರ ಮೇ ತಿಂಗಳು. ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಚಿಕ್ಕಮ್ಮ ಒಂದು ವಿಡಿಯೋ ಹಾಕಿದರು. ಬೀದಿಯಲ್ಲಿ ಮಕ್ಕಳು ಆಡುತ್ತಿರುತ್ತಾರೆ. ಬೈಕಿನಲ್ಲಿ ಇಬ್ಬರು ಬರುತ್ತಾರೆ. ಒಂದು ಮಗುವನ್ನು ಎತ್ತಿಕೊಂಡು ಹೊರಟುಬಿಡುತ್ತಾರೆ. ಅಲ್ಲಿಗೆ ವಿಡಿಯೋ ಮುಗಿಯುತ್ತದೆ. ಅದರ ಹಿಂದೆಯೇ ಒಂದು ವಾಯ್ಸ್ ಮೆಸೇಜ್. ಯಾರೋ ಗಂಡಸು, ಅಚ್ಚ ಕನ್ನಡದಲ್ಲಿ, ಗಾಬರಿಯ ದನಿಯಲ್ಲಿ ಹೇಳುತ್ತಿದ್ದ: ಮಕ್ಕಳ ಕಳ್ಳರು ನಮ್ಮ ಕಡೆಗೆ ಬಂದಿದ್ದಾರೆ, ಮಕ್ಕಳನ್ನು ಹೊರಗೆ ಬಿಡಬೇಡಿ.

ಆಗ ನನ್ನ ಮಗಳಿಗೆ ನಾಲ್ಕು ವರ್ಷ. ನಾನು ಎರಡನ್ನೂ ಅವಳ ಶಾಲೆಯ ಪೋಷಕರ ಗ್ರೂಪಿಗೆ ಕಳಿಸಿದೆ. ಯೋಚನೆ ಮಾಡಲು ಹತ್ತು ಸೆಕೆಂಡೂ ತೆಗೆದುಕೊಳ್ಳಲಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಮಾತು ನಮ್ಮ ಅಜ್ಜಿ ಯಾವಾಗಲೂ ಹೇಳುತ್ತಿದ್ದರು. ಅವತ್ತು ನಾನು ಮಾಡಿದ್ದು ಅದನ್ನೇ.

ಆಮೇಲೆ ಗೊತ್ತಾಯಿತು. ಆ ವಿಡಿಯೋ ಪಾಕಿಸ್ತಾನದ ಕರಾಚಿಯದ್ದು. ಮಕ್ಕಳ ಸುರಕ್ಷತೆ ಬಗ್ಗೆ ಜನರನ್ನು ಎಚ್ಚರಿಸಲು ಅಲ್ಲಿನ ಒಂದು ಸಂಸ್ಥೆ ಮಾಡಿಸಿದ ಜಾಹೀರಾತು. ಪೂರ್ತಿ ವಿಡಿಯೋದಲ್ಲಿ ಬೈಕಿನವರು ಮಗುವನ್ನು ವಾಪಸ್ ತಂದು ಬಿಡುತ್ತಾರೆ, ಒಂದು ಫಲಕ ತೋರಿಸುತ್ತಾರೆ. ಯಾರೋ ಆ ಕೊನೆಯ ಕೆಲವು ಸೆಕೆಂಡುಗಳನ್ನು ಕತ್ತರಿಸಿ ಹಾಕಿದ್ದರು. ಮಕ್ಕಳನ್ನು ಕಾಪಾಡಲು ಮಾಡಿದ ವಿಡಿಯೋ ಜನರನ್ನು ಕೊಲ್ಲಿಸುವ ವಿಡಿಯೋ ಆಯಿತು.

ಕೊಲ್ಲಿಸುವ ಅಂತ ಸುಮ್ನೆ ಬರೆಯುತ್ತಿಲ್ಲ. ಅದೇ ಮೇ ತಿಂಗಳು ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ರಾಜಸ್ಥಾನದಿಂದ ಕೆಲಸಕ್ಕೆಂದು ಬಂದಿದ್ದ ಯುವಕನೊಬ್ಬನನ್ನು ಮಕ್ಕಳ ಕಳ್ಳ ಎಂದು ಹೊಡೆದು ಸಾಯಿಸಿದರು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಇನ್ನೊಂದು ಸಾವು. ಹೈದರಾಬಾದಿನಿಂದ ಗೆಳೆಯರು ಕಾರಿನಲ್ಲಿ ಬಂದಿದ್ದರು. ದಾರಿಯಲ್ಲಿ ನಿಂತಾಗ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅಷ್ಟಕ್ಕೇ ಅನುಮಾನ ಹುಟ್ಟಿತು. ಅವರು ಅಲ್ಲಿಂದ ಹೊರಟರು, ಆದರೆ ವಾಟ್ಸಾಪ್ ಅವರ ಕಾರಿಗಿಂತ ಮುಂಚೆ ಮುಂದಿನ ಊರು ಮುಟ್ಟಿತ್ತು. ಅಲ್ಲಿ ರಸ್ತೆ ಅಡ್ಡಗಟ್ಟಿದ್ದರು. ಒಬ್ಬ ಯುವ ಇಂಜಿನಿಯರ್ ಸತ್ತ. ಜೊತೆಗಿದ್ದವರಿಗೂ, ಬಿಡಿಸಲು ಹೋದ ಪೊಲೀಸರಿಗೂ ಏಟು ಬಿತ್ತು.

ನಾನು ಕಳಿಸಿದ ಮೆಸೇಜ್ ಬೀದರ್ ತನಕ ಹೋಗಿರಲಿಕ್ಕಿಲ್ಲ. ಆದರೆ ಅಂಥದ್ದೇ ಒಂದು ಮೆಸೇಜ್ ಹೋಯಿತು, ನನ್ನಂಥವರೇ ಒಬ್ಬರ ಕೈಯಿಂದ. ಹಾಗಾಗಿ 'ಸೋಷಿಯಲ್ ಮೀಡಿಯಾಕ್ಕೆ ಸರ್ಕಾರ ಕಡಿವಾಣ ಹಾಕಬೇಕಾ' ಎಂದು ಯಾರಾದರೂ ಕೇಳಿದರೆ, 'ಅಯ್ಯೋ, ಅಭಿವ್ಯಕ್ತಿ ಸ್ವಾತಂತ್ರ್ಯ ಇದೆಯಲ್ಲ, ಸುಮ್ಮನೆ ಬಿಟ್ಟುಬಿಡಿ' ಎಂದು ನನಗೆ ಹೇಳಲು ಆಗುವುದಿಲ್ಲ. ಕಡಿವಾಣ ಬೇಕು. ಆದರೆ ಅದನ್ನು ಯಾರ ಬಾಯಿಗೆ ಹಾಕುತ್ತೀರಿ ಎನ್ನುವುದರ ಮೇಲೆ ಎಲ್ಲ ನಿಂತಿದೆ.

ಮುರ್ಕಿಯ ಸಾವಿನ ನಂತರದ ವಾರದಲ್ಲಿ ಏನಾಯಿತು ನೆನಪಿದೆಯಾ? ದೇಶದ ಹಲವು ಕಡೆ ಇಂಥದ್ದೇ ಸಾವುಗಳಾಗಿ ಕೇಂದ್ರ ಸರ್ಕಾರ ಕಂಪನಿಯ ಮೇಲೆ ಒತ್ತಡ ಹಾಕುತ್ತಿತ್ತು. ವಾಟ್ಸಾಪ್ ಭಾರತದಲ್ಲಿ ಒಂದು ಮೆಸೇಜನ್ನು ಒಂದು ಸಲಕ್ಕೆ ಐದು ಚಾಟ್‌ಗಳಿಗೆ ಮಾತ್ರ ಫಾರ್ವರ್ಡ್ ಮಾಡಬಹುದು ಎಂದು ಮಿತಿ ಹಾಕಿತು. 2019ರ ಜನವರಿಯಲ್ಲಿ ಅದೇ ಮಿತಿ ಇಡೀ ಜಗತ್ತಿಗೆ ಬಂತು. 2020ರ ಏಪ್ರಿಲ್‌ನಲ್ಲಿ ಇನ್ನೂ ಬಿಗಿ ಮಾಡಿದರು: ಹಲವು ಕೈ ದಾಟಿ ಬಂದ ಮೆಸೇಜನ್ನು ಒಂದು ಸಲಕ್ಕೆ ಒಬ್ಬರಿಗೋ ಒಂದು ಗ್ರೂಪಿಗೋ ಮಾತ್ರ ಕಳಿಸಬಹುದು. ಇದರಿಂದ ಅಂಥ ಮೆಸೇಜ್‌ಗಳ ಓಡಾಟ 70% ಕಡಿಮೆಯಾಯಿತು ಎಂದು ಕಂಪನಿಯೇ ಹೇಳಿಕೊಂಡಿತು.

ಇದನ್ನು ನಾನು ಬಹಳ ಸಲ ಯೋಚಿಸಿದ್ದೇನೆ. ಇಲ್ಲಿ ಯಾರೂ ಯಾವ ಮೆಸೇಜ್ ಸುಳ್ಳು, ಯಾವುದು ನಿಜ ಎಂದು ತೀರ್ಪು ಕೊಡಲಿಲ್ಲ. ಯಾರ ಬಾಯಿಯನ್ನೂ ಮುಚ್ಚಿಸಲಿಲ್ಲ. ವೇಗಕ್ಕೆ ಒಂದು ಹಂಪ್ ಹಾಕಿದರು, ಅಷ್ಟೇ. ಶಾಲೆ ಮುಂದಿನ ರಸ್ತೆಯಲ್ಲಿ ಹಾಕುತ್ತಾರಲ್ಲ, ಹಾಗೆ. ಆ ಹಂಪ್ ಎರಡು ತಿಂಗಳು ಮುಂಚೆ ಇದ್ದಿದ್ದರೆ? ಈ ಪ್ರಶ್ನೆ ನನ್ನನ್ನು ಈಗಲೂ ಬಿಟ್ಟಿಲ್ಲ. ಹಂಪ್ ಹಾಕುವುದು ಗೊತ್ತಿಲ್ಲದ ವಿದ್ಯೆ ಆಗಿರಲಿಲ್ಲ. ಹಾಕಬೇಕು ಎಂದು ಕಂಪನಿಗೆ ಅನ್ನಿಸಲು ಜನ ಸಾಯಬೇಕಾಯಿತು. ಸರ್ಕಾರ ನಿಯಮ ಮಾಡಬೇಕಾದ ಜಾಗ ಇದೇ.

ಈಗ ಇನ್ನೊಂದು ದಾರಿ ನೋಡಿ. 2025ರ ಜೂನ್‌ನಲ್ಲಿ ನಮ್ಮದೇ ರಾಜ್ಯ ಸರ್ಕಾರದ ಒಂದು ಕರಡು ಮಸೂದೆ ಪತ್ರಿಕೆಗಳಿಗೆ ಸಿಕ್ಕಿತು. ತಪ್ಪು ಮಾಹಿತಿ ಮತ್ತು ಸುಳ್ಳು ಸುದ್ದಿ ನಿಷೇಧದ ಮಸೂದೆ. ಸುಳ್ಳು ಸುದ್ದಿ ಹಾಕಿದವರಿಗೆ ಏಳು ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ. ವಿಚಾರಣೆಗೆ ವಿಶೇಷ ನ್ಯಾಯಾಲಯಗಳು. ಇದನ್ನೆಲ್ಲ ನೋಡಿಕೊಳ್ಳಲು ಒಂದು ಪ್ರಾಧಿಕಾರ. ಅದರ ಅಧ್ಯಕ್ಷರು ಯಾರು? ಸಚಿವರು! ಸದಸ್ಯರಲ್ಲಿ ಶಾಸಕರೂ ಇರುತ್ತಾರೆ, ಸೋಷಿಯಲ್ ಮೀಡಿಯಾ ಕಂಪನಿಗಳ ಪ್ರತಿನಿಧಿಗಳೂ ಇರುತ್ತಾರೆ. ವಿಜ್ಞಾನ, ಇತಿಹಾಸ, ಧರ್ಮ, ಸಾಹಿತ್ಯದ ಬಗ್ಗೆ ಹಾಕುವ ಬರಹಗಳು ಅಧಿಕೃತ ಸಂಶೋಧನೆಯನ್ನು ಆಧರಿಸಿರಬೇಕು ಎಂಬ ಮಾತೂ ಅದರಲ್ಲಿತ್ತು. ಟೀಕೆ ಬಂದಾಗ, ಇದು ಇನ್ನೂ ಕರಡು, ಅಂತಿಮ ಅಲ್ಲ ಎಂದು ಸರ್ಕಾರ ಹೇಳಿತು. ಸರಿ, ಒಪ್ಪೋಣ. ಆದರೂ ಅದನ್ನು ಓದಿ ನನಗೆ ಭಯವಾಯಿತು.

ಚಿಕ್ಕಮ್ಮನನ್ನೇ ತೆಗೆದುಕೊಳ್ಳಿ. ಆಕೆ ಸುಳ್ಳು ಹಬ್ಬಿಸಲು ಹೊರಟವರಲ್ಲ. ಮೊಮ್ಮಕ್ಕಳ ಮೇಲಿನ ಪ್ರೀತಿಯಿಂದ, ಹೆದರಿಕೆಯಿಂದ ಕಳಿಸಿದವರು. ಅಂಥ ಕಾನೂನು ಬಂದರೆ ಪೊಲೀಸರ ಕೈಗೆ ಮೊದಲು ಸಿಗುವುದು ಇಂಥವರೇ. ಅವರ ಹೆಸರು, ನಂಬರ್ ಎಲ್ಲ ಕಣ್ಣಮುಂದೆ ಇರುತ್ತದೆ. ಕೊನೆಯ ಸೆಕೆಂಡುಗಳನ್ನು ಕತ್ತರಿಸಿದವನು ಎಲ್ಲಿದ್ದಾನೋ ಯಾರಿಗೂ ಗೊತ್ತಿಲ್ಲ.

ಊರಿನ ಕೆರೆ ಒತ್ತುವರಿ ಬಗ್ಗೆ ಬರೆದ ಹುಡುಗನನ್ನು ಊಹಿಸಿಕೊಳ್ಳಿ. ಎರಡು ಎಕರೆ ಹೋಗಿದೆ ಅಂತ ಬರೆದ, ದಾಖಲೆಯಲ್ಲಿ ಒಂದೂವರೆ ಎಕರೆ ಅಂತಿದೆ. ಅದು ಸುಳ್ಳು ಸುದ್ದಿಯಾ? ಒತ್ತುವರಿ ಮಾಡಿದವರು ಆಳುವ ಪಕ್ಷದವರಾದರೆ ಇದನ್ನು ತೀರ್ಮಾನ ಮಾಡುವವರು ಯಾರು? ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳಬೇಕು?

ಇದು ಒಂದೇ ಪಕ್ಷದ ಕಾಯಿಲೆ ಅಂದುಕೊಳ್ಳಬೇಡಿ. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಐಟಿ ನಿಯಮಗಳಿಗೆ ಒಂದು ತಿದ್ದುಪಡಿ ತಂದಿತ್ತು. ಕೇಂದ್ರದ ಕೆಲಸಗಳ ಬಗ್ಗೆ ಯಾವ ಮಾಹಿತಿ ಸುಳ್ಳು ಎಂದು ಕೇಂದ್ರದ್ದೇ ಒಂದು ಘಟಕ ಗುರುತಿಸುವ ನಿಯಮ ಅದು. ಗುರುತಿಸಿದ ಮೇಲೂ ಅದನ್ನು ಉಳಿಸಿಕೊಂಡ ಕಂಪನಿಗೆ, ಜನ ಹಾಕಿದ ಪೋಸ್ಟ್‌ಗೆ ಕಂಪನಿ ಹೊಣೆಯಲ್ಲ ಎನ್ನುವ ಕಾನೂನಿನ ರಕ್ಷಣೆ ತಪ್ಪಬಹುದಿತ್ತು. ಅಂದರೆ ಪರೀಕ್ಷೆ ಬರೆದವರೇ ಉತ್ತರ ಪತ್ರಿಕೆ ತಿದ್ದಿದ ಹಾಗೆ. ಬಾಂಬೆ ಹೈಕೋರ್ಟ್‌ನಲ್ಲಿ ಮೊದಲು ಇಬ್ಬರು ನ್ಯಾಯಮೂರ್ತಿಗಳ ನಡುವೆ ಭಿನ್ನ ತೀರ್ಪು ಬಂತು. ಮೂರನೆಯ ನ್ಯಾಯಮೂರ್ತಿ ಎ.ಎಸ್. ಚಂದೂರ್ಕರ್ 2024ರ ಸೆಪ್ಟೆಂಬರ್‌ನಲ್ಲಿ ಆ ನಿಯಮ ಸಂವಿಧಾನಕ್ಕೆ ವಿರುದ್ಧ ಎಂದರು. ನನಗೆ ಆ ದಿನ ನಿಜಕ್ಕೂ ಸಮಾಧಾನವಾಯಿತು.

ಇನ್ನೂ ಹಿಂದೆ ಹೋದರೆ ಐಟಿ ಕಾಯ್ದೆಯ 66ಎ ಕಲಂ ಇತ್ತು, ಆನ್‌ಲೈನ್‌ನಲ್ಲಿ ಮನ ನೋಯಿಸುವಂಥದ್ದು ಬರೆದರೆ ಜೈಲಿಗೆ ಹಾಕಬಹುದಾಗಿದ್ದ ಕಲಂ. 2012ರಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಇಬ್ಬರು ಹುಡುಗಿಯರನ್ನು ಬಂಧಿಸಿದ್ದರು. ಒಬ್ಬಳು ಬಂದ್ ಬಗ್ಗೆ ಫೇಸ್‌ಬುಕ್‌ನಲ್ಲಿ ಬರೆದಿದ್ದಳು, ಇನ್ನೊಬ್ಬಳು ಅದಕ್ಕೆ ಲೈಕ್ ಒತ್ತಿದ್ದಳು. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಆ ಕಲಂ ಅನ್ನೇ ಕಿತ್ತುಹಾಕಿತು.

ಅದೇ 2012ರ ಆಗಸ್ಟ್ ಬೆಂಗಳೂರಿನವರಿಗೆ ನೆನಪಿರಬೇಕು. ಈಶಾನ್ಯ ರಾಜ್ಯಗಳವರ ಮೇಲೆ ದಾಳಿ ಆಗುತ್ತದೆ ಎಂದು ಎಸ್ಸೆಮ್ಮೆಸ್ ಹಬ್ಬಿ, ಸಾವಿರಾರು ಜನ ಬ್ಯಾಗು ಹೊತ್ತು ಗುವಾಹಟಿ ರೈಲು ಹತ್ತಿದರು. ಸರ್ಕಾರ ಎಸ್ಸೆಮ್ಮೆಸ್‌ಗೆ ದಿನಕ್ಕೆ ಐದರ ಮಿತಿ ಹಾಕಿತು, ಕೆಲವೇ ದಿನಗಳಲ್ಲಿ 20ಕ್ಕೆ ಏರಿಸಿತು. ಅಷ್ಟು ಗಾಬರಿಯ ಹೊತ್ತಿನಲ್ಲಿ ಕೆಲವು ದಿನದ ಮಟ್ಟಿಗೆ ಅದು ತಪ್ಪು ಎಂದು ನಾನು ಹೇಳುವುದಿಲ್ಲ. ಆದರೆ ಆಗಲೇ ನೂರಾರು ವೆಬ್ ಪುಟಗಳನ್ನೂ ಮುಚ್ಚಿಸಿದರು. ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ ಎಂಬ ಸಂಶೋಧನಾ ಸಂಸ್ಥೆಯವರು ಆ ಪಟ್ಟಿಯನ್ನು ಕೂತು ನೋಡಿದಾಗ, ಗಾಳಿಸುದ್ದಿ ಸುಳ್ಳು ಎಂದು ತೋರಿಸಿಕೊಟ್ಟಿದ್ದ ಬರಹಗಳೂ ಅದರಲ್ಲಿದ್ದವು. ಬೆಂಕಿ ಆರಿಸಲು ನೀರು ತಂದವನನ್ನೇ ಹೊರಗೆ ದಬ್ಬಿದ ಹಾಗಾಯಿತು ಅಲ್ವಾ?

ಹಾಗಾದರೆ ಬೇಕಂತ ಸುಳ್ಳು ಹಬ್ಬಿಸಿ ಗಲಭೆ ಮಾಡಿಸುವವನನ್ನು ಬಿಟ್ಟುಬಿಡಬೇಕಾ? ಬೇಡ. ಅದಕ್ಕೆ ಈಗಲೇ ಕಾನೂನಿದೆ. ಭಾರತೀಯ ನ್ಯಾಯ ಸಂಹಿತೆಯ 353ನೇ ಕಲಂ ಪ್ರಕಾರ ಮೂರು ವರ್ಷದವರೆಗೆ ಜೈಲು. ಅದನ್ನು ನೆಟ್ಟಗೆ ಬಳಸಲಿ.

ನಾನು ಕೇಳುವ ನಿಯಮ ಬೇರೆ. ಕಂಪನಿಗಳು ಕನ್ನಡದಲ್ಲಿ ಎಷ್ಟು ಕೆಲಸ ಮಾಡುತ್ತಿವೆ ಎಂದು ಲೆಕ್ಕ ಕೊಡಲಿ. 2021ರಲ್ಲಿ ಫ್ರಾನ್ಸಿಸ್ ಹೌಗನ್ ಎಂಬ ಮಾಜಿ ಉದ್ಯೋಗಿ ಫೇಸ್‌ಬುಕ್‌ನ ಒಳಗಿನ ದಾಖಲೆಗಳನ್ನು ಹೊರತಂದರು. ತಪ್ಪು ಮಾಹಿತಿ ಗುರುತಿಸುವ ಕೆಲಸದ ಬಜೆಟ್‌ನಲ್ಲಿ 87% ಅಮೆರಿಕಕ್ಕೇ ಮೀಸಲು, ಉಳಿದ ಇಡೀ ಜಗತ್ತಿಗೆ 13% ಎಂದು ಅವುಗಳ ಆಧಾರದ ಮೇಲೆ ವರದಿಯಾಯಿತು. ಹೊರಗಿನ ಫ್ಯಾಕ್ಟ್ ಚೆಕ್ ಸಂಸ್ಥೆಗಳ ಲೆಕ್ಕ ಇದರಲ್ಲಿ ಸೇರಿಲ್ಲ ಎಂದು ಕಂಪನಿ ಹೇಳಿತು. ಆದರೂ ಸಂವಿಧಾನದ 22 ಭಾಷೆಗಳಲ್ಲಿ, ಪೋಸ್ಟ್‌ಗಳನ್ನು ಪರಿಶೀಲಿಸುವ ತನ್ನ ಯಂತ್ರಗಳಿಗೆ ಕಲಿಸಿರುವುದು ಐದನ್ನು ಮಾತ್ರ ಎಂದು ಆಗ ಕಂಪನಿಯೇ ಒಪ್ಪಿಕೊಂಡಿತ್ತು. ನಮ್ಮನ್ನು ಗ್ರಾಹಕರಾಗಿ ಎಣಿಸುವಾಗ ಮಾತ್ರ ಯಾವ ಭಾಷೆಯೂ ಅಡ್ಡ ಬರುವುದಿಲ್ಲ.

ನನ್ನದೇ ಒಂದು ಅನುಭವ ಹೇಳುತ್ತೇನೆ. ಇನ್ಸುಲಿನ್ ಬಿಟ್ಟು ಯಾವುದೋ ಕಷಾಯ ಕುಡಿದರೆ ಸಕ್ಕರೆ ಕಾಯಿಲೆ ಪೂರ್ತಿ ಹೋಗುತ್ತದೆ ಎನ್ನುವ ಕನ್ನಡ ವಿಡಿಯೋ ಒಂದು ಆ್ಯಪ್‌ನಲ್ಲಿ ಬಂತು. ನಮ್ಮಪ್ಪ ಇನ್ಸುಲಿನ್ ತೆಗೆದುಕೊಳ್ಳುವವರು, ಅವರಿಗೂ ಅದು ಬಂದಿತ್ತು. ನಾನು ರಿಪೋರ್ಟ್ ಮಾಡಿದೆ. ಮೂರು ದಿನ ಬಿಟ್ಟು ಇಂಗ್ಲಿಷಿನಲ್ಲಿ ಉತ್ತರ ಬಂತು: ನಮ್ಮ ನಿಯಮಕ್ಕೆ ವಿರುದ್ಧವಾಗಿ ಏನೂ ಕಾಣಲಿಲ್ಲ. ಕನ್ನಡ ಬಲ್ಲ ಒಬ್ಬರಾದರೂ ಅದನ್ನು ಕೇಳಿಸಿಕೊಂಡರಾ? ಈ ಪ್ರಶ್ನೆ ಕೇಳಲು ನನಗೆ ದಾರಿಯಿಲ್ಲ. ಸರ್ಕಾರಕ್ಕಿದೆ. ಕನ್ನಡದ ದೂರು ಎಷ್ಟು ಬಂದವು, ಎಷ್ಟು ಗಂಟೆಯಲ್ಲಿ ನೋಡಿದಿರಿ, ನೋಡಿದವರಿಗೆ ಕನ್ನಡ ಬರುತ್ತಿತ್ತಾ, ಆ ವಿಡಿಯೋಗೆ ದುಡ್ಡು ಕೊಟ್ಟು ಹೆಚ್ಚು ಜನರಿಗೆ ತೋರಿಸಿದವರು ಯಾರು. ಇಷ್ಟನ್ನು ಮೂರು ತಿಂಗಳಿಗೊಮ್ಮೆ ಎಲ್ಲರಿಗೂ ಕಾಣುವ ಹಾಗೆ ಪ್ರಕಟಿಸಬೇಕು, ಇಲ್ಲದಿದ್ದರೆ ದೊಡ್ಡ ದಂಡ ಎಂದು ಕಾನೂನು ಹೇಳಲಿ.

ಯುರೋಪಿನವರು ಹೆಚ್ಚುಕಡಿಮೆ ಈ ದಾರಿ ಹಿಡಿದಿದ್ದಾರೆ. ಅಲ್ಲಿ ದೊಡ್ಡ ಕಂಪನಿಗಳು ತಮ್ಮಿಂದ ಸಮಾಜಕ್ಕೆ ಏನು ಅಪಾಯ ಎಂದು ಪ್ರತಿ ವರ್ಷ ಲೆಕ್ಕ ಹಾಕಬೇಕು. ತಪ್ಪಿದರೆ ಜಾಗತಿಕ ವಹಿವಾಟಿನ 6% ತನಕ ದಂಡ. 2025ರ ಡಿಸೆಂಬರ್‌ನಲ್ಲಿ ಎಕ್ಸ್ (ಹಿಂದಿನ ಟ್ವಿಟರ್) ಕಂಪನಿಗೆ 12 ಕೋಟಿ ಯುರೋ ದಂಡ ಹಾಕಿದ್ದು ಯಾರದೋ ಪೋಸ್ಟ್ ಉಳಿಸಿಕೊಂಡಿದ್ದಕ್ಕಲ್ಲ. ಖಾತೆ ಅಸಲಿ ಎಂದು ನಂಬಿಸುವ ನೀಲಿ ಗುರುತಿನಿಂದ ಜನರನ್ನು ದಾರಿ ತಪ್ಪಿಸಿದ್ದಕ್ಕೆ, ಜಾಹೀರಾತಿನ ವಿವರ ಸರಿಯಾಗಿ ಇಡದಿದ್ದಕ್ಕೆ, ಸಂಶೋಧಕರಿಗೆ ಮಾಹಿತಿ ಕೊಡದಿದ್ದಕ್ಕೆ.

ಇನ್ನು ಪೋಸ್ಟ್ ತೆಗೆಸಲೇಬೇಕಾದ ಸಂದರ್ಭ ಬಂದರೆ, ಆದೇಶ ಬಯಲಿನಲ್ಲಿರಲಿ. ಈಗ, ಪೋಸ್ಟ್ ತಡೆಸಲು ಕೇಂದ್ರಕ್ಕೆ ಅಧಿಕಾರ ಕೊಡುವ ಐಟಿ ಕಾಯ್ದೆಯ 69ಎ ಕಲಂ ಕೆಳಗೆ ತಡೆದದ್ದರ ವಿವರವನ್ನು ಗುಟ್ಟಾಗಿಡಬೇಕು ಎಂದೇ ನಿಯಮವಿದೆ. ಬರೆದವರಿಗೆ ಎಷ್ಟೋ ಸಲ ಕಾರಣವೇ ತಿಳಿಯುವುದಿಲ್ಲ. ತೀರ್ಮಾನ ಮಾಡುವವರು ಮಂತ್ರಿಗಿಂತ ದೂರದವರಾಗಿರಲಿ, ಬರೆದವರ ಮಾತನ್ನೂ ಕೇಳಲಿ.

ಸರ್ಕಾರಕ್ಕೆ ಮಾಡಲು ಇನ್ನೊಂದು ಕೆಲಸವಿದೆ, ಅದಕ್ಕೆ ಹೊಸ ಕಾನೂನೇ ಬೇಡ. ನಮ್ಮ ರಾಯಚೂರಿಗೆ ಹೊಂದಿಕೊಂಡೇ ತೆಲಂಗಾಣದ ಗದ್ವಾಲ್ ಇದೆ. 2018ರಲ್ಲಿ ಅಲ್ಲಿ ಎಸ್ಪಿ ಆಗಿದ್ದವರು ರೆಮಾ ರಾಜೇಶ್ವರಿ. ಬೇಸಿಗೆಯಲ್ಲಿ ಅಂಗಳದಲ್ಲಿ ಮಲಗುವ ಜನ ಬಾಗಿಲು ಹಾಕಿಕೊಂಡು ಒಳಗೆ ಮಲಗುತ್ತಿದ್ದಾರೆ ಎಂದು ಊರೂರು ತಿರುಗುವ ಅವರ ಪೊಲೀಸರು ಗಮನಿಸಿದರು. ಏನು ಎಂದು ವಿಚಾರಿಸಿದರೆ ಇದೇ ಮಕ್ಕಳ ಕಳ್ಳರ ಮೆಸೇಜ್. ಅವರು ಊರಿನವರ ವಾಟ್ಸಾಪ್ ಗ್ರೂಪುಗಳಿಗೆ ಪೊಲೀಸರನ್ನು ಸೇರಿಸಿದರು. ಹಾಡುವವರನ್ನು, ತಮಟೆಯವರನ್ನು ಕರೆಸಿ ಊರ ಮಧ್ಯೆ ಜನರಿಗೆ ತಿಳಿಸಿ ಹೇಳಿಸಿದರು. ಅವರ ವ್ಯಾಪ್ತಿಯ ಸುಮಾರು 400 ಹಳ್ಳಿಗಳಲ್ಲಿ ಈ ಗಾಳಿಸುದ್ದಿಗೆ ಒಂದು ಜೀವವೂ ಹೋಗಲಿಲ್ಲ. ಅದೇ ವರ್ಷ, ಅಂಥದ್ದೇ ಗಾಳಿಸುದ್ದಿ. ಗದ್ವಾಲಿನಿಂದ ಬೀದರ್ ಏನೂ ಬಹಳ ದೂರವಲ್ಲ.

ಸುಳ್ಳು ಸುದ್ದಿಯ ಮಸೂದೆ ಮತ್ತೆ ಯಾವ ರೂಪದಲ್ಲಾದರೂ ಬಂದರೆ, ಸದನಕ್ಕೆ ಹೋಗುವ ಮುಂಚೆ ಅದರ ಕನ್ನಡ ಪ್ರತಿಯನ್ನು ಜನರ ಮುಂದೆ ಇಡಬೇಕು, ಕಡಿಮೆ ಅಂದರೂ ಒಂದು ತಿಂಗಳು ಆಕ್ಷೇಪಣೆಗೆ ಸಮಯ ಕೊಡಬೇಕು ಎಂದು ನಮ್ಮ ಕ್ಷೇತ್ರದ ಶಾಸಕರಿಗೆ ಪತ್ರ ಬರೆದಿದ್ದೇನೆ. ಒಂದೂವರೆ ಪುಟ ಇದೆ. ನಿಮ್ಮ ಶಾಸಕರಿಗೆ ಕಳಿಸಲು ಬೇಕಿದ್ದರೆ ಕೆಳಗೆ ಹೇಳಿ, ಕಳಿಸುತ್ತೇನೆ. ಮೊದಲು ಓದಿ, ತಪ್ಪಿದ್ದರೆ ತಿದ್ದಿ, ಆಮೇಲೆ ಕಳಿಸಿ.